ನಮ್ಮ ನೀರಿನ ಬಗ್ಗೆ ಬರೆದದ್ದು ನಮ್ಮೂರಿಗೂ ಬರಲಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ,

ನಮಸ್ಕಾರಗಳು.

ನಾನು ಜಗಳೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ 26 ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಈಗಲೂ ಅದೇ ಊರಲ್ಲಿದ್ದೇನೆ. ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ನೀವು ಸಮಕುಲಾಧಿಪತಿಗಳು. ಅದಕ್ಕೇ ಈ ಪತ್ರ ನಿಮಗೆ. ಕೇಳಬೇಕಾದದ್ದು ದೊಡ್ಡದೇನಲ್ಲ. ಆದರೆ ಅದಕ್ಕೂ ಮೊದಲು ಒಂದು ದಿನದ ಸಂಗತಿ ಹೇಳಬೇಕು.

ಸುಮಾರು 15 ವರ್ಷದ ಹಿಂದೆ ಒಂದು ಬೆಳಿಗ್ಗೆ ನಾಲ್ಕು ಜನ ಹುಡುಗ ಹುಡುಗಿಯರು ನಮ್ಮ ಶಾಲೆಗೆ ಬಂದರು. ಸಂಶೋಧನೆ ಮಾಡುತ್ತಿದ್ದೇವೆ ಅಂದರು. ಕೈಯಲ್ಲಿ ಅನುಮತಿ ಪತ್ರ ಇತ್ತು, ಚೀಲದ ತುಂಬ ಬಾಟಲಿಗಳಿದ್ದವು. ಊರಿನ ಬೋರುಗಳ ನೀರು ಹಿಡಿದುಕೊಂಡರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಾಯಿ ತೆರೆಸಿ, ಹಲ್ಲಿನ ಫೋಟೊ ತೆಗೆದರು. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ಬಾಯಿ ತೆರೆಯಲೇ ಇಲ್ಲ. ಅವಳ ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು. ನಗು ಬಂದರೂ ವೇಲು ಅಡ್ಡ ಹಿಡಿಯುತ್ತಿದ್ದ ಮಗು ಅದು. ನಾನೇ ಹತ್ತಿರ ಹೋಗಿ ಹೇಳಿದೆ: "ತೋರ್ಸು ಪುಟ್ಟಿ. ಯಾಕೆ ಹೀಗಾಗಿದೆ ಅಂತ ಇವರು ಕಂಡುಹಿಡಿದು ನಮಗೆ ಹೇಳ್ತಾರೆ." ಅವಳು ತೋರಿಸಿದಳು.

ಅವರು ಮತ್ತೆ ಬರಲಿಲ್ಲ. ಒಂದು ಕಾಗದವೂ ಬರಲಿಲ್ಲ. ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಆ ನೀರಿನಲ್ಲಿ ಎಷ್ಟು ಇತ್ತು, ಯಾವ ಬೋರಿನದು ಕುಡಿಯಬಹುದು, ಯಾವುದು ಬೇಡ, ಏನೂ ಗೊತ್ತಾಗಲಿಲ್ಲ.

ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಲಲ್ಲಿ ಬಸ್ ಹತ್ತಿ ಬಂದಿದ್ದರು. ಫೆಲೋಶಿಪ್ ಸಿಗದ ಸಂಶೋಧನಾ ವಿದ್ಯಾರ್ಥಿಗಳು ಕೈಯಿಂದ ಖರ್ಚು ಮಾಡಿಕೊಂಡು ಊರೂರು ತಿರುಗುವುದನ್ನು ನಾನೇ ನೋಡಿದ್ದೇನೆ. ಪ್ರಬಂಧ ಬರೆದು ಒಪ್ಪಿಸಿದರೆ ಪದವಿ ಬರುತ್ತದೆ. ತಿರುಗಿ ಊರಿಗೆ ಹೋಗಿ ಹೇಳಿ ಅಂತ ಅವರನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾದವರು ಕೇಳಿ ಅಂತಲೇ ನಾನು ಬರೆಯುತ್ತಿರುವುದು.

ಆ ಒಂದು ಕಾಗದ ಬಂದಿದ್ದರೆ ಏನಾಗುತ್ತಿತ್ತು ಅಂತ ಹೇಳುತ್ತೇನೆ. ನಮ್ಮೂರಲ್ಲಿ ಆಗ ಎಷ್ಟೋ ಮನೆಗಳಲ್ಲಿ ನೀರನ್ನು ಕುದಿಸಿ ಕುಡಿಯುತ್ತಿದ್ದರು. ಕುದಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನೋ ನಂಬಿಕೆ. ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಹಲ್ಲಿನ ಕಲೆ ತೆಗೆಯಲು ಮಕ್ಕಳು ಇದ್ದಿಲು, ಇಟ್ಟಿಗೆ ಪುಡಿ ಹಾಕಿ ಉಜ್ಜುತ್ತಿದ್ದರು. ಅದು ಮೇಲೆ ಅಂಟಿದ ಕೊಳೆ ಅಲ್ಲ. ಹಲ್ಲು ಒಸಡಿನ ಒಳಗೆ ಕಟ್ಟುವಾಗಲೇ ಆದ ದೋಷ. ಉಜ್ಜಿದರೆ ಹೋಗಲ್ಲ. ಇಷ್ಟನ್ನು ಹೇಳಲು ಅರ್ಧ ಪುಟ ಸಾಕಿತ್ತು.

ಈ ಫ್ಲೋರೈಡ್ ಒಂದೇ ವಿಷಯವನ್ನು ಹಿಡಿದು ನೋಡಿ, ಸಂಶೋಧನೆ ಎಷ್ಟು ಕಡೆಯಿಂದ ನಡೆಯಬೇಕು ಅಂತ ತಿಳಿಯುತ್ತದೆ. ಅದು ಬರುವುದು ನಮ್ಮ ನೆಲದ ಕೆಳಗಿನ ಗ್ರಾನೈಟ್ ಜಾತಿಯ ಬಂಡೆಗಳಿಂದ. ಅದನ್ನು ಹೇಳುವವರು ಭೂವಿಜ್ಞಾನಿಗಳು. ಕ್ಯಾಲ್ಸಿಯಂ ಕಡಿಮೆ ಇರುವ, ಕ್ಷಾರ ಜಾಸ್ತಿ ಇರುವ ನೀರು ಅದನ್ನು ಬಂಡೆಯಿಂದ ಬೇಗ ಎಳೆದುಕೊಳ್ಳುತ್ತದೆ. ಇದು ರಸಾಯನ ವಿಜ್ಞಾನ. ಹಲ್ಲಿಗೆ ಏನಾಗುತ್ತದೆ ಅನ್ನುವುದು ದಂತ ವೈದ್ಯರ ಕೆಲಸ, ವಯಸ್ಸಾದವರ ಬೆನ್ನು ಮತ್ತು ಕೀಲು ಯಾಕೆ ಬಿಗಿಯುತ್ತವೆ ಅನ್ನುವುದು ಮೂಳೆ ವೈದ್ಯರದು. ಊರಿಗೆ ಶುದ್ಧ ನೀರಿನ ಘಟಕ ಬಂದ ಮೇಲೂ ಕೆಲವು ಮನೆಯವರು ಯಾಕೆ ಬೋರಿನ ನೀರೇ ಕುಡಿಯುತ್ತಾರೆ? ಕಾಸಿನ ಕಾರಣವೋ, ರುಚಿಯೋ, ಕ್ಯಾನು ಹೊತ್ತು ತರಲು ಮನೆಯಲ್ಲಿ ಜನ ಇಲ್ಲವೋ? ಇದನ್ನು ಸಮಾಜಶಾಸ್ತ್ರದವರು ಮನೆಮನೆಗೆ ಹೋಗಿ ಕೂತು ಕೇಳಬೇಕು. ಆ ಉತ್ತರ ಸಿಗದಿದ್ದರೆ ಘಟಕ ಕಟ್ಟಿದರೂ ಹಲ್ಲು ಹಾಗೇ ಇರುತ್ತದೆ.

ನಮ್ಮಲ್ಲಿ ಆಗಿರುವುದೇನು? ಭೂವಿಜ್ಞಾನ, ಸಮಾಜಶಾಸ್ತ್ರ ನಿಮ್ಮ ಇಲಾಖೆಯ ವಿಶ್ವವಿದ್ಯಾನಿಲಯಗಳಲ್ಲಿವೆ. ದಾವಣಗೆರೆ, ಚಿತ್ರದುರ್ಗದ ವೈದ್ಯಕೀಯ ಮತ್ತು ದಂತ ವೈದ್ಯಕೀಯ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ, ಅದು ಬೇರೆ ಸಚಿವರದು. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಕೈಯಲ್ಲಿದೆ, ಅದು ಇನ್ನೊಬ್ಬ ಸಚಿವರದು. ಕುಡಿಯುವ ನೀರು ಒಂದೇ, ನೋಡುವವರು ಮೂರು ಕಡೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಸಿಗುವುದೇ ಕಷ್ಟ. ಹೀಗಿರುವಾಗ ನಮ್ಮೂರಿನವರಿಗೆ ಎಲ್ಲಿಂದ ಸಿಗಬೇಕು?

ಒಬ್ಬರ ಕೆಲಸ ಇನ್ನೊಬ್ಬರಿಗೆ ತಲುಪಿದರೆ ಏನಾಗುತ್ತದೆ ಅನ್ನುವುದಕ್ಕೆ ಪಕ್ಕದ ರಾಜ್ಯದಲ್ಲೇ ಉದಾಹರಣೆ ಇದೆ. ನೀರಿನ ಫ್ಲೋರೈಡಿನಿಂದ ಮೂಳೆ ಕೆಡುವುದನ್ನು ನಮ್ಮ ದೇಶದಲ್ಲಿ ಮೊದಲು ವರದಿ ಮಾಡಿದ್ದು 1937ರಲ್ಲಿ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನೆಲ್ಲೂರಿನ ಕಡೆಯಿಂದ. ಮುಂದೆ 1970ರ ದಶಕದಲ್ಲಿ ಆಗಿನ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಹುಡುಗರ ಮಂಡಿಗಳು ಒಳಕ್ಕೆ ಬಾಗತೊಡಗಿದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೋಗಿ ನೋಡಿದರು. ನೀರನ್ನಷ್ಟೇ ನೋಡಲಿಲ್ಲ. ಮಣ್ಣು ನೋಡಿದರು, ಆ ಜನ ಉಣ್ಣುವ ಜೋಳ ನೋಡಿದರು. ನಾಗಾರ್ಜುನ ಸಾಗರ ಅಣೆಕಟ್ಟಿನಿಂದಾಗಿ ಸುತ್ತಲಿನ ಅಂತರ್ಜಲ ಮೇಲೆ ಬಂದಿತ್ತು. ಮಣ್ಣಿನ ಗುಣ ಬದಲಾಗಿ ಜೋಳದಲ್ಲಿ ಮಾಲಿಬ್ಡಿನಂ ಹೆಚ್ಚಿತ್ತು. ಅದು ಮೈಯಲ್ಲಿನ ತಾಮ್ರವನ್ನು ಕಡಿಮೆ ಮಾಡುತ್ತದೆ. ಫ್ಲೋರೈಡ್ ಜೊತೆಗೆ ಇದೂ ಸೇರಿ ಮಂಡಿ ಬಾಗುತ್ತಿದೆ ಅಂತ ಅವರು ಹೇಳಿದರು. ಬರೀ ವೈದ್ಯರು, ಬರೀ ಮಣ್ಣಿನ ತಜ್ಞರು ಹೋಗಿದ್ದರೆ ಇದು ಗೊತ್ತಾಗುತ್ತಿತ್ತಾ?

ಇದು ನನ್ನನ್ನು ಸುಮ್ಮನೆ ಕೂರಲು ಬಿಡುತ್ತಿಲ್ಲ. ಯಾಕೆಂದರೆ ನಮ್ಮ ಕಡೆಗೂ ಈಗ ನೀರು ಬರುತ್ತಿದೆ. ಭದ್ರಾ ಮೇಲ್ದಂಡೆ ಯೋಜನೆ 29.90 ಟಿಎಂಸಿ ನೀರಿನದು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ನಮ್ಮ ಜಗಳೂರಿಗೂ ಸೇರಿ ಎರಡು ಕಾಲು ಲಕ್ಷ ಹೆಕ್ಟೇರಿಗೆ. ಇತ್ತ ತುಂಗಭದ್ರೆಯಿಂದ ನಮ್ಮ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ. ಈ ನೀರಿಗಾಗಿ ನಮ್ಮ ಜನ ಎಷ್ಟು ವರ್ಷ ಕಾದಿದ್ದಾರೆ ಅಂತ ನಿಮಗೆ ಗೊತ್ತು. ಕೆರೆಗೆ ನೀರು ಬಂದ ದಿನ ನಾನೂ ಏರಿ ಮೇಲೆ ನಿಂತು ಕೈ ಮುಗಿದೆ. ನೀರು ಬೇಡ ಅಂತ ನಾನು ಹೇಳುತ್ತಿಲ್ಲ, ಬರಲೇಬೇಕು. ಕೆರೆ ತುಂಬಿದರೆ ಬೋರಿನ ಫ್ಲೋರೈಡ್ ತಿಳಿಯಾಗಿ ಇಳಿಯಬಹುದು ಅನ್ನೋ ಆಸೆಯೂ ಇದೆ. ಆದರೆ ನೀರು ಬರುವ ಮೊದಲು ಬಾವಿ, ಬೋರು, ಮಣ್ಣು, ಜೋಳ, ಮಕ್ಕಳ ಹಲ್ಲು, ಮಂಡಿ ಹೇಗಿದ್ದವು ಅಂತ ಈಗಲೇ ಅಳೆದು ಬರೆದಿಡಬೇಕು, ಅಲ್ವಾ? ಹತ್ತು ವರ್ಷ ಆದ ಮೇಲೆ ಹೋಲಿಸಲು ಏನಾದರೂ ಇರಬೇಕಲ್ಲ. ಕಾಲುವೆ ಹರಿದ ಮೇಲೆ ಹಿಂದಿನ ಲೆಕ್ಕ ಯಾರಿಗೂ ಸಿಗುವುದಿಲ್ಲ. ಮೂರೂ ಕಡೆಯ ವಿಶ್ವವಿದ್ಯಾಲಯಗಳನ್ನು ಒಂದು ಸಲ ಒಂದೇ ಮೇಜಿನ ಸುತ್ತ ಕೂರಿಸಿ. ನೀವು ಕರೆದರೆ ಬರುತ್ತಾರೆ.

ಎಲ್ಲ ಸಂಶೋಧನೆಯೂ ನೀರಿನ ಹಾಗೆ ಊರಿನ ಉಪಯೋಗಕ್ಕೇ ಬರಬೇಕು ಅಂತ ನನ್ನ ವಾದ ಅಲ್ಲ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬಿನ ಆಕಾರದ ಕಲ್ಲುಗಳಿವೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನೊಳಗೆ ಉಕ್ಕಿದ ಲಾವಾ ತಣ್ಣಗಾಗಿ ಹಾಗೆ ದಿಂಬು ದಿಂಬಾಗಿ ಗಟ್ಟಿಯಾಗಿದೆ. ಅದನ್ನು ಓದಿದವರಿಂದ ಯಾರ ಹೊಟ್ಟೆಯೂ ತುಂಬಲಿಲ್ಲ. ಆದರೆ ಬರದ ತಾಲ್ಲೂಕಿನ ಮಕ್ಕಳನ್ನು ಆ ಕಲ್ಲಿನ ಮುಂದೆ ನಿಲ್ಲಿಸಿ "ಇಲ್ಲಿ ಒಂದು ಕಾಲಕ್ಕೆ ನೀರು ತುಂಬಿತ್ತು" ಅಂದಾಗ ಅವರ ಮುಖ ನೋಡಬೇಕಿತ್ತು ನೀವು. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅಶೋಕನ ಶಾಸನ ಗುರುತಿಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ಅದೂ ಹಾಗೇ. ನಮ್ಮ ಮಕ್ಕಳಿಗೆ ಅವರ ನೆಲ ಎಷ್ಟು ಹಳೆಯದು ಅಂತ ಗೊತ್ತಾಯಿತು. ಅದು ಕಡಿಮೆ ಲಾಭವಾ?

ಇನ್ನೊಂದು ಕೆಲಸ ಬೇರೆ ಥರದ್ದು. 2018ರಲ್ಲಿ ನಮ್ಮ ಮೆಕ್ಕೆಜೋಳದ ಸುಳಿಯಲ್ಲಿ ಹೊಸ ಹುಳು ಕಂಡಿತು. ರೈತರು ಲದ್ದಿ ಹುಳು ಅಂದರು. ಅದು ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಅಂತ ದೇಶದಲ್ಲೇ ಮೊದಲು ಗುರುತಿಸಿದ್ದು ಶಿವಮೊಗ್ಗದ ಕೃಷಿ ಕಾಲೇಜಿನವರು. ಹುಳುವಿನ ಹೆಸರು ಗೊತ್ತಾದ ಮೇಲೆಯೇ ಅಲ್ವಾ ಯಾವ ಔಷಧಿ, ಯಾವಾಗ, ಎಲ್ಲಿ ಹಾಕಬೇಕು ಅಂತ ಗೊತ್ತಾಗುವುದು? ಆ ಮಾತು ರೈತ ಸಂಪರ್ಕ ಕೇಂದ್ರದ ಮೂಲಕ ಹಳ್ಳಿಗೆ ಬಂತು. ಕೃಷಿಯಲ್ಲಿ ಹೀಗೆ ತಿರುಗಿ ಬರುವ ದಾರಿ ಇದೆ. ಬೇರೆ ವಿಷಯಗಳಲ್ಲಿ ಇಲ್ಲ.

ಗೊಲ್ಲರಹಟ್ಟಿಗಳ ಮಾತನ್ನೂ ಹೇಳಬೇಕು. ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಇಡುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ಇದರ ಮೇಲೆ ಎಷ್ಟೋ ಜನ ಬಂದು ಕೇಳಿ ಬರೆದುಕೊಂಡು ಹೋಗಿದ್ದಾರೆ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಒಬ್ಬ ಅಜ್ಜಿ ನನ್ನ ಕೈ ಹಿಡಿದು ಕೇಳಿದಳು: "ಟೀಚರಮ್ಮ, ಹೋದ ಸಲ ಬಂದೋರೂ ಇದನ್ನೇ ಕೇಳಿದ್ರು. ನಾವು ಹೇಳಿದ್ದು ಏನಾಯ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನನ್ನ ಮನವಿ. ಪಿಎಚ್‌ಡಿ ಪ್ರಬಂಧ ಒಪ್ಪಿಸುವಾಗ ಅದರ ಜೊತೆ ಎರಡು ಪುಟ ಸರಳ ಕನ್ನಡದಲ್ಲಿ ಬರೆದು ಕೊಡಬೇಕು ಅಂತ ನಿಯಮ ಮಾಡಿಸಿ. ಏನು ಹುಡುಕಿದೆವು, ಏನು ಸಿಕ್ಕಿತು, ಇದರಿಂದ ನೀವು ಏನು ಮಾಡಬಹುದು, ಇಷ್ಟು ಸಾಕು. ಯಾವ ಊರಿನಲ್ಲಿ ನೀರು, ರಕ್ತ ಅಥವಾ ಮಾತು ತೆಗೆದುಕೊಂಡರೋ ಆ ಪಂಚಾಯಿತಿಗೆ ಅದು ತಲುಪಬೇಕು. ಈಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಅಲ್ಲೊಂದು ಫೈಲಿನಲ್ಲಿ ಇಡಲಿ, ಗ್ರಾಮಸಭೆಯಲ್ಲಿ ಒಮ್ಮೆ ಓದಲಿ. ಪ್ರಬಂಧಗಳು ಶೋಧಗಂಗಾ ಅನ್ನುವ ಜಾಲತಾಣದಲ್ಲಿ ಇವೆಯಲ್ಲ ಅಂತ ಯಾರಾದರೂ ಹೇಳಬಹುದು. ಇವೆ, ಒಳ್ಳೆಯದೇ. 2009ರ ಯುಜಿಸಿ ನಿಯಮದಿಂದ ಅದು ಆಯಿತು. ಆದರೆ ಮುನ್ನೂರು ಪುಟದ ಇಂಗ್ಲಿಷ್ ಪ್ರಬಂಧವನ್ನು ನಮ್ಮ ನೀರುಗಂಟಿ ಓದಲಾರ.

ಹಣದ ಮಾತು ಬರಬಹುದು. ದೇಶದ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಸಂಶೋಧನಾ ಪತ್ರಿಕೆಗಳು ಸಿಗಲಿ ಅಂತ ಕೇಂದ್ರ ಸರ್ಕಾರ 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಎತ್ತಿಟ್ಟಿದೆ. ಅದು ಬೇಕು. ಎರಡು ಪುಟ ಕನ್ನಡಕ್ಕೆ ಅಷ್ಟೆಲ್ಲ ಬೇಡ. ವೈದ್ಯಕೀಯ ಸಂಶೋಧನೆಯ ಲಾಭ ಭಾಗವಹಿಸಿದ ಜನರಿಗೂ ಮುಟ್ಟಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೂ ಹೇಳುತ್ತದೆ. ಅಂದರೆ ನಾನು ಹೊಸದೇನನ್ನೂ ಕೇಳುತ್ತಿಲ್ಲ.

ಆ ದಿನ ಬಾಯಿ ತೆರೆಯಲು ಹಿಂಜರಿದ ಹುಡುಗಿ ಹೋದ ತಿಂಗಳು ಮನೆಗೆ ಬಂದಿದ್ದಳು. ತವರಿಗೆ ಬಂದವಳು, ಮಗಳನ್ನೂ ಕರೆತಂದಿದ್ದಳು. ಅವಳನ್ನು ಕೊಟ್ಟಿರುವ ಊರಿನಲ್ಲೂ ಬೋರಿನ ನೀರೇ. "ಮಿಸ್, ಅವತ್ತು ಫೋಟೊ ತೆಗೆದೋರು ಆಮೇಲೆ ಏನು ಹೇಳಿದ್ರು? ಇವಳಿಗೂ ಹೀಗೇ ಆಗುತ್ತಾ?" ಅಂತ ಕೇಳಿದಳು. ನನಗೆ ಗೊತ್ತಿದ್ದಷ್ಟು ಹೇಳಿದೆ. ಕುಡಿಯಲು, ಅಡುಗೆಗೆ ಎರಡಕ್ಕೂ ಘಟಕದ ನೀರು ತಾ, ಮಗುವಿಗೆ ಹಾಲು, ರಾಗಿ, ನೆಲ್ಲಿಕಾಯಿ ಕೊಡು ಅಂದೆ. ಅವಳ ಊರಿನ ಬೋರಿನಲ್ಲಿ ಎಷ್ಟಿದೆ ಅಂತ ನಾನು ಹೇಳಲಾರೆ. ಅಲ್ಲೂ ಯಾರೋ ಬಂದು ನೀರು ಹಿಡಿದುಕೊಂಡು ಹೋಗಿದ್ದಾರಂತೆ.

ಮಗುವಿಗೆ ಈಗ ನಾಲ್ಕು ವರ್ಷ. ಹಾಲುಹಲ್ಲು ಬಿದ್ದ ಮೇಲೆ ಬರುವ ಹಲ್ಲುಗಳು ಒಸಡಿನ ಒಳಗೆ ಈಗ ಕಟ್ಟುತ್ತಿವೆ. ಎಂಟು ವರ್ಷ ಆಗುವಷ್ಟರಲ್ಲಿ ಆ ಕೆಲಸ ಹೆಚ್ಚು ಕಡಿಮೆ ಮುಗಿದಿರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ