ಹಣ್ಣು ಯಾವುದು, ಹಸಿ ಯಾವುದು

ದೋಸ್ತ,

ಮೊನ್ನೆ ಫೋನಿನಲ್ಲಿ ನೀನು 'ಇನ್ನೂ ಬ್ಯಾಸರ ಐತೇನಲೇ?' ಎಂದು ಕೇಳಿದಾಗ ನೆಟ್‌ವರ್ಕ್ ಹೋಯಿತು ಅಂತ ಕಟ್ ಮಾಡಿದೆನಲ್ಲ, ನೆಟ್‌ವರ್ಕ್ ಸರಿಯಾಗಿಯೇ ಇತ್ತು. ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ನಮ್ಮಂಥ ಇನ್ನೂ ನಾಲ್ಕು ಜನ ಓದಲಿ.

ಸೈನ್ಯ ಸೇರಲೆಂದು ಕೆರೆ ಏರಿಯ ಮೇಲೆ ಮೂರು ವರ್ಷ ನಸುಕಿನಲ್ಲಿ ಓಡಿದವರು ನಾವು. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸುವುದರಲ್ಲಿ ನಿನಗಿಂತ ನಾನೇ ಮುಂದು. ಬೀಮ್, ಅಂದರೆ ಕಂಬಿ ಹಿಡಿದು ಮೈ ಮೇಲೆತ್ತುವುದು, ಹತ್ತಕ್ಕೆ ಹತ್ತು. ಆಮೇಲೆ ಮೆಡಿಕಲ್‌ನಲ್ಲಿ ಆ ಬಣ್ಣದ ಚುಕ್ಕಿಗಳ ಪುಸ್ತಕ ತೆಗೆದರು. ಚುಕ್ಕಿಗಳ ನಡುವೆ ನಿನಗೆ ಕಂಡ ಅಂಕಿ ನನಗೆ ಕಾಣಲಿಲ್ಲ. ಕೆಂಪು, ಹಸಿರು ಬೇರೆ ಕಾಣದ ಬಣ್ಣಗುರುಡು ಅಂದರು. ಅಪೀಲು ಹಾಕಿದರೂ ಅದೇ ಪುಸ್ತಕ, ಅದೇ ಚುಕ್ಕಿ. ಇಶಿಹಾರಾ ಎಂಬ ಜಪಾನಿ ವೈದ್ಯ 1917ರಲ್ಲಿ ತಂದದ್ದು, ತಮ್ಮ ಸೈನ್ಯ ಸೇರಲು ಬಂದವರ ಕಣ್ಣು ನೋಡಲಿಕ್ಕೆ. ನೂರು ವರ್ಷದ ಹಿಂದೆಯೇ ನನಗೆ ಬಾಗಿಲು ಹಾಕಿಟ್ಟ ಮಹಾರಾಯ! ಸಿಟ್ಟಿಲ್ಲ ಬಿಡು. ಕತ್ತಲಲ್ಲಿ ಹಾರಿದ ಸಿಗ್ನಲ್ ಕೆಂಪೋ ಹಸಿರೋ ಎಂದು ಕೇಳುವವನು ಪಕ್ಕದಲ್ಲಿದ್ದರೆ ಅಪಾಯ ನಿನಗೇ.

ಮೊದಲೇ ತಿಳಿಯಬೇಕಿತ್ತು. ಬ್ಯಾಡಗಿ ಸೀಮೆಯಲ್ಲಿ ಹುಟ್ಟಿಯೂ ಗಿಡದಲ್ಲಿ ಹಣ್ಣಾದ ಮೆಣಸಿನಕಾಯಿ ಯಾವುದು, ಹಸಿ ಯಾವುದು ಎಂದು ತಡವರಿಸುತ್ತಿದ್ದೆ. 'ಲಕ್ಷ್ಯ ಇಟ್ಟು ಬಿಡಸೋ' ಎಂದು ಅವ್ವ ಬೈಯುತ್ತಿದ್ದಳು. ಈ ದೋಷ ಹೆಚ್ಚಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ ದಿನ ಅವಳು ಮೆಲ್ಲಗೆ ಕೇಳಿದಳು: 'ನಾನ ಕೊಟ್ಟೆನೇನಪಾ ಇದನ್ನ?' ಅನ್‌ಫಿಟ್ ಎಂಬ ಚೀಟಿಗಿಂತ ಆ ಮಾತು ಹೆಚ್ಚು ಕೊರೆಯಿತು. ಅವಳ ಅಪ್ಪ ಸಂತೆಯಲ್ಲಿ ಟೊಮೆಟೊ ಆರಿಸುವುದನ್ನು ಯಾವಾಗಲೂ ನನ್ನ ಅಜ್ಜಿಗೇ ಬಿಡುತ್ತಿದ್ದದ್ದು ಆಮೇಲೆ ನೆನಪಾಯಿತು.

'ದೇಶಸೇವೆ ಎಲ್ಲಿದ್ದರೂ ಮಾಡಬಹುದು' ಎಂದವರಿಗೆ ಲೆಕ್ಕವಿಲ್ಲ. ಎಲ್ಲಿ ಅಂತ ಹೇಳಿದವರು ಒಬ್ಬರೂ ಇಲ್ಲ. ನಾನೇ ಹೋಗಿ ಗೃಹರಕ್ಷಕ ದಳ ಸೇರಿದೆ. ಜಾತ್ರೆಯ ಬಂದೋಬಸ್ತು, ಚುನಾವಣೆ ಡ್ಯೂಟಿ, ದಿನದ ಲೆಕ್ಕದ ಭತ್ಯೆ. ಸುಳ್ಳೇಕೆ, ಖಾಕಿ ತೊಟ್ಟ ಮೊದಲ ದಿನ ಬಯಲಾಟದ ವೇಷ ಹಾಕಿದಂತೆ ಅನಿಸಿತ್ತು. ವರದಾ ನದಿ ಏರಿದಾಗ ಸೇತುವೆಗೆ ಅಡ್ಡ ಹಗ್ಗ ಕಟ್ಟಿ ರಾತ್ರಿಯೆಲ್ಲ ನಿಂತೆ. 'ನೀ ಯಾರಲೇ ತಡಿಯಾಕ?' ಎಂದು ಬೈಕಿನವನೊಬ್ಬ ಏರಿ ಬಂದ. ಬಿಡಲಿಲ್ಲ. ಬೆಳಕು ಹರಿದಾಗ ಸೇತುವೆ ಕಾಣುತ್ತಿರಲಿಲ್ಲ, ಬರೀ ನೀರು. ಅವನು ಈಚೆ ದಂಡೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ, ನನ್ನ ಕಡೆ ನೋಡಲಿಲ್ಲ. ಅವತ್ತಿನಿಂದ ವೇಷ ಅನಿಸಿಲ್ಲ.

ಆದರೆ ನನಗೆ ಹಿಡಿಸಿದ ಕೆಲಸ ಬೇರೆ. ನಮ್ಮ ಕೆರೆ ಏರಿಯಲ್ಲಿ ಈಗ ಹನ್ನೊಂದು ಹುಡುಗರು ಓಡುತ್ತಾರೆ. ಮೆಡಿಕಲ್‌ನಲ್ಲಿ ಬೀಳುವಂಥದ್ದು ಮೊದಲೇ ತಿಳಿಯಲೆಂದು, ಓಡುವ ಮೊದಲು ಒಣಗಿದ ಕಲ್ಲಿನ ಮೇಲೆ ಒದ್ದೆ ಕಾಲು ಇಡಿಸುತ್ತೇನೆ. ನಡುವೆ ಖಾಲಿ ಬಿಡದೆ ಇಡೀ ಪಾದ ಅಚ್ಚೊತ್ತಿದರೆ ಚಪ್ಪಟೆ ಪಾದದ ಅನುಮಾನ. ನೆಟ್ಟಗೆ ನಿಲ್ಲಿಸಿ ಮೊಣಕಾಲು ಒಂದಕ್ಕೊಂದು ತಾಗುತ್ತವೆಯೇ ನೋಡುತ್ತೇನೆ. ಕಿವಿ, ಕಣ್ಣು ತೋರಿಸಲು ತಾಲೂಕು ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಕಿವಿಯ ಗುಗ್ಗೆ ತೆಗೆಸಿದರೆ ಮುಗಿಯಿತು. ಬಣ್ಣ ಕಾಣದವನಿಗೆ ಮದ್ದಿಲ್ಲ. ಅಂಥವನೊಬ್ಬ ಸಿಕ್ಕ, ಹದಿನೇಳು ವರ್ಷ. ಏರಿಯ ಮೇಲೆ ಕೂತು ಅತ್ತ. ಸಮಾಧಾನ ಹೇಳಲಿಲ್ಲ, ನನ್ನ ಚೀಟಿ ತೋರಿಸಿದೆ. ಮೈಸೂರಿನಲ್ಲಿ 1961ರಿಂದ ನಿಮ್ಮಂಥ ಸೈನಿಕರಿಗೆ ಬರುವ ಊಟದ ಪೊಟ್ಟಣಗಳ ಮೇಲೆ ಕೆಲಸ ಮಾಡುತ್ತಿರುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ಸುದ್ದಿಯನ್ನೂ ಹೇಳಿದೆ. ಈಗ ವಿಜ್ಞಾನದ ಪುಸ್ತಕ ಹಿಡಿದಿದ್ದಾನೆ. ಅಲ್ಲಿಗೆ ಮುಟ್ಟುತ್ತಾನೋ ಇಲ್ಲವೋ, ನನ್ನ ಹಾಗೆ ಡಿಗ್ರಿ ಬಿಟ್ಟು ಮೂರು ವರ್ಷ ಓಡುವುದಂತೂ ತಪ್ಪಿತು.

ಬ್ಯಾಸರ ಐತಿ ದೋಸ್ತ. ನೀನು ಯೂನಿಫಾರ್ಮಿನ ಫೋಟೊ ಹಾಕಿದ ದಿನ ಜಾಸ್ತಿ. ಅಗ್ನಿವೀರನಾದ ನಿನಗೂ ನಾಲ್ಕು ವರ್ಷದ ಲೆಕ್ಕ ಇದೆಯಲ್ಲ; ಆಮೇಲೆ ಸೈನ್ಯದಲ್ಲಿ ಉಳಿಸಿಕೊಳ್ಳದಿದ್ದರೆ ಹುಡುಗರಿಗೆ ಉಸ್ತಾದ್ ಬೇಕಾಗಿದೆ.

ರಜೆಗೆ ಬರುವಾಗ ಕ್ಯಾಂಟೀನಿನಲ್ಲಿ ಸಿಕ್ಕರೆ ಒಂದು ಸ್ಟಾಪ್‌ವಾಚ್ ತಾ. ಮೊಬೈಲಿನದರಲ್ಲಿ ಒಂದು ಬಟನ್ ಕೆಂಪು, ಒಂದು ಹಸಿರು ಅಂತೆ. ಹುಡುಗರು ನಗುತ್ತಾರೆ.

ನಿನ್ನ ದೋಸ್ತ