ಅಪ್ಪನ ಗಡಿಯಾರವನ್ನು ಉಳಿಸಿಕೊಟ್ಟವರಿಗೆ
ಮಡಿಕೇರಿ ಪೇಟೆಯ ಪುಟ್ಟ ಅಂಗಡಿಯ ಹಿರಿಯರೇ, ನಿಮ್ಮ ಹೆಸರನ್ನೂ ಕೇಳದೆ ಬಂದುಬಿಟ್ಟೆ. ಅಪ್ಪನ ಎಚ್‌ಎಂಟಿ ಜನತಾ ಮಳೆಗಾಲದ ತೇವಕ್ಕೆ ನಿಂತುಹೋಗಿತ್ತು. ಬೇರೆಡೆ, ಒಳಗಿನ ಯಂತ್ರ ತೆಗೆದು ಬ್ಯಾಟರಿಯದ್ದು ಹಾಕೋಣ ಎಂದಿದ್ದರು. ನೀವು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ, "ಕೀಲಿ ಕೊಡುವ ಗಡಿಯಾರ, ಹಾಗೆಯೇ ಇರಲಿ ಮಗಳೇ" ಎಂದಿರಿ. ಚಕ್ರಗಳನ್ನು ಒಂದೊಂದಾಗಿ ಬಿಚ್ಚಿ ತೊಳೆದು, ಸೂಜಿಮೊನೆಯಷ್ಟು ಎಣ್ಣೆ ಬಿಟ್ಟಿರಿ. ತುಂಡಾದ ಸ್ಪ್ರಿಂಗಿಗೆ ಬದಲಾಗಿ ಹಳೆಯ ಡಬ್ಬಿಯಿಂದ ಅಸಲಿಯನ್ನೇ ಹುಡುಕಿದಿರಿ. ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿದ್ದೇ 2016ರಲ್ಲಿ. ಆ ಬಿಡಿಭಾಗ ಈಗ ಸುಲಭಕ್ಕೆ ಸಿಗುವುದೇ? ಡಯಲ್ ಮೇಲಿನ ಹಳದಿ ಕಲೆಯನ್ನು ಉಜ್ಜಬೇಡಿ ಎಂದೆ, ಮುಟ್ಟಲಿಲ್ಲ. ಕಾಫಿ ಕೊಯ್ಲಿನಲ್ಲಿ ಅಪ್ಪ ಅದನ್ನು ನೋಡಿಯೇ ಕೆಲಸದವರನ್ನು ಊಟಕ್ಕೆ ಕಳುಹಿಸುತ್ತಿದ್ದರು. ಈಗ ದಿನಾ ಬೆಳಗ್ಗೆ ನಾನು ಕೀಲಿ ಕೊಟ್ಟು, ಕಿವಿಗಿಟ್ಟು ಕೇಳುತ್ತೇನೆ. ನಿಮಗೆ ಮನಸಾರೆ ಕೃತಜ್ಞತೆ.