ಮಗಳಿಗೊಂದು ಪತ್ರ: ನಿನ್ನ ಊರಿನ ಸಂತ ಕತ್ಬರ್ಟ್

ಪ್ರೀತಿಯ ಪುಟ್ಟಿ,

ಮಾರ್ಚ್ 20ಕ್ಕೆ ಸಂತ ಕತ್ಬರ್ಟರ ಹಬ್ಬ. ಅವರ ಸಮಾಧಿ ಇರುವುದು ನೀನು ಓದುತ್ತಿರುವ ಇಂಗ್ಲೆಂಡಿನ ಡರ್‌ಹಾಮ್‌ನಲ್ಲೇ, ಆ ದೊಡ್ಡ ಚರ್ಚಿನೊಳಗೆ. ಅದೀಗ ಆಂಗ್ಲಿಕನ್ನರ (ಇಂಗ್ಲೆಂಡಿನ ಪ್ರಾಟೆಸ್ಟಂಟರ) ಚರ್ಚು, ಆದರೆ ಕತ್ಬರ್ಟರು ಕ್ಯಾಥೊಲಿಕರಾದ ನಮಗೂ ಸಂತರೇ ಅಲ್ವಾ? ಅಂದು ಹೋಗಿ ಬಾ.

ಅವರು ಹುಟ್ಟಿದ್ದು 634ರ ಸುಮಾರಿಗೆ. ಕುರಿ ಕಾಯುತ್ತಿದ್ದ ಹುಡುಗ ಮುಂದೆ ಮೆಲ್‌ರೋಸ್ ಮಠ ಸೇರಿದರು. ಬೇರೆ ಗುರುಗಳು ಹೋಗಲು ಹಿಂಜರಿಯುತ್ತಿದ್ದ ಗುಡ್ಡದ ಹಳ್ಳಿಗಳಿಗೆ ಇವರು ಹೋಗಿ, ಒಮ್ಮೊಮ್ಮೆ ಇಡೀ ತಿಂಗಳು ಬಡವರ ನಡುವೆ ಇದ್ದುಬಿಡುತ್ತಿದ್ದರು.

ಆದರೆ ಅವರ ಮನಸ್ಸು ಬಯಸಿದ್ದು ಏಕಾಂತ. 676ರಲ್ಲಿ ಫಾರ್ನ್ ಎಂಬ ಪುಟ್ಟ ದ್ವೀಪಕ್ಕೆ ಹೋದರು. ಆಕಾಶ ಬಿಟ್ಟು ಬೇರೇನೂ ಕಾಣದಷ್ಟು ಎತ್ತರದ ಗೋಡೆ ಕಟ್ಟಿಕೊಂಡರು. ಅಲ್ಲಿ ಕಾಗೆಗಳು ಅತಿಥಿಗಳ ಮನೆಯ ಹುಲ್ಲಿನ ಚಾವಣಿ ಕಿತ್ತವಂತೆ. ಇವರು ಗದರಿದರು. ಮೂರು ದಿನ ಕಳೆದು ಅವುಗಳಲ್ಲೊಂದು ತಲೆ ತಗ್ಗಿಸಿ ಬಂತು. ಕ್ಷಮೆ ಸಿಕ್ಕಿದ ಮೇಲೆ ಹಂದಿಯ ಕೊಬ್ಬಿನ ತುಂಡನ್ನೇ ತಂದುಕೊಟ್ಟವು. ಬಂದವರ ಚರ್ಮದ ಚಪ್ಪಲಿಗೆ ಹಚ್ಚಿಕೊಳ್ಳಲು ಅದನ್ನು ಇಟ್ಟರು! ಬೀಡ್ ಎಂಬ ಸನ್ಯಾಸಿ ಇದನ್ನೆಲ್ಲ ಬರೆದಿಟ್ಟಿದ್ದಾರೆ.

684ರಲ್ಲಿ ಬಿಷಪ್ ಆಗಿ ಆರಿಸಿದಾಗ ಅವರು ಒಪ್ಪಲಿಲ್ಲ. ರಾಜ ಎಕ್‌ಫ್ರಿತ್ ತಾನೇ ದೋಣಿಯಲ್ಲಿ ಬಂದು ಬೇಡಿದ. ಕಣ್ಣೀರಿಟ್ಟುಕೊಂಡೇ ದ್ವೀಪ ಬಿಟ್ಟರು. ಬಿಷಪ್ ಆದ ಮೇಲೆ ಸಾಂಕ್ರಾಮಿಕ ರೋಗ ಬಡಿದ ಊರೊಂದರಲ್ಲಿ ಒಬ್ಬ ತಾಯಿ ಕಂಡಳು. ಒಬ್ಬ ಮಗ ಆಗಲೇ ತೀರಿಹೋಗಿದ್ದ, ಇನ್ನೊಬ್ಬ ಸಾಯುತ್ತಾ ಅವಳ ಮಡಿಲಲ್ಲಿದ್ದ. ಇವರು ಆ ಮಗುವಿಗೆ ಮುತ್ತಿಟ್ಟು ಆಶೀರ್ವದಿಸಿ, ಭಯಪಡಬೇಡ, ಇವನು ಬದುಕುತ್ತಾನೆ ಅಂದರು. ಬದುಕಿದ. ರೋಗದ ಊರಿಗೆ ಕಾಲಿಟ್ಟು ಮುತ್ತಿಟ್ಟಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

687ರಲ್ಲಿ ಅದೇ ದ್ವೀಪದಲ್ಲಿ ತೀರಿಕೊಂಡರು. 11 ವರ್ಷದ ಮೇಲೆ ಶವಪೆಟ್ಟಿಗೆ ತೆರೆದಾಗ ದೇಹ ಕೆಟ್ಟಿರಲಿಲ್ಲವಂತೆ. ಅಂದಿನಿಂದಲೇ ಅವರ ಸಮಾಧಿಗೆ ಯಾತ್ರೆ ಬರುವವರು ಜಾಸ್ತಿಯಾದರು. ಸಮುದ್ರದಾಚೆಯಿಂದ ಬಂದು ಲೂಟಿ ಮಾಡುತ್ತಿದ್ದ ವೈಕಿಂಗರ ಭಯಕ್ಕೆ ಸನ್ಯಾಸಿಗಳು 875ರಲ್ಲಿ ಪೆಟ್ಟಿಗೆ ಹೊತ್ತು ಹೊರಟರು, ಊರೂರು ಅಲೆದರು. 995ರಲ್ಲಿ ಡರ್‌ಹಾಮ್‌ಗೆ ಬಂದರು. ನಿನ್ನ ಊರು ಬೆಳೆದಿದ್ದೇ ಅವರ ಸಮಾಧಿಯ ಸುತ್ತ.

ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಕಾಲದಲ್ಲಿ ಆ ಸಮಾಧಿಯ ವೈಭವವನ್ನೆಲ್ಲ ಒಡೆದು ಹಾಕಿದರು. ಈಗ ನೆಲದ ಮೇಲಿನ ಕಲ್ಲಿನಲ್ಲಿ ಹೆಸರಷ್ಟೇ ಇದೆ. ಅವರ ಕೊರಳ ಚಿನ್ನದ ಶಿಲುಬೆಯನ್ನೂ ನೋಡು, ಕೆಂಪು ಹರಳಿನದು, ಒಮ್ಮೆ ಮುರಿದು ಸರಿಮಾಡಿದ ಗುರುತು ಅದರಲ್ಲಿದೆ. ನೋಡಿ ಬಂದು ಫೋನ್ ಮಾಡು, ಅಮ್ಮನಿಗೂ ಕೇಳಬೇಕಂತೆ.

ನಿನ್ನ ಅಪ್ಪ